ಫಾಲ್ಗುಣದ ಕೂಗು, ಪರ್ಷಿಯನ್ ಬೆಕ್ಕಿನ ಮೂತ್ರಪಿಂಡ

ಪ್ರಶ್ನೆ: ನಮ್ಮ ಎರಡು ವರ್ಷದ ಪರ್ಷಿಯನ್ ಬೆಕ್ಕು ಹೋಳಿ ಹುಣ್ಣಿಮೆಯಿಂದೀಚೆಗೆ ರಾತ್ರಿಯಿಡೀ ಎಳೆದೆಳೆದು ಕೂಗುತ್ತದೆ, ಎದೆಯನ್ನು ನೆಲಕ್ಕೊತ್ತಿ, ಬಾಲವನ್ನು ಪಕ್ಕಕ್ಕೆ ಸರಿಸಿ, ಹಿಂಗಾಲುಗಳಿಂದ ನೆಲ ತುಳಿಯುತ್ತದೆ. "ಮಾವು ಚಿಗುರಿತಲ್ಲ, ಅದಕ್ಕೂ ವಿರಹ" ಎನ್ನುತ್ತಾರೆ ನಮ್ಮ ಅತ್ತೆಯವರು. ಪರಿಚಯದವರೊಬ್ಬರು ತಮ್ಮ ಗಂಡು ಬೆಕ್ಕನ್ನು ಕಳಿಸಲು ಒಪ್ಪಿದ್ದಾರೆ. ಮರಿ ಮಾಡಿಸಿ ಮಾರುವ ಯೋಚನೆಯಿದೆ. ಏನೇನು ನೋಡಿಕೊಳ್ಳಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ಜಪಾನಿನ ಕವಿಗಳೂ ಒಪ್ಪುತ್ತಾರೆ; ಹಾಯ್ಕುವಿನಲ್ಲಿ 'ನೆಕೊ ನೊ ಕೊಯಿ', ಅಂದರೆ ಬೆಕ್ಕಿನ ಪ್ರೇಮ, ವಸಂತವನ್ನು ಸೂಚಿಸುವ ಪದ. ಆದರೆ ಬೆಕ್ಕು ಬೆದೆಗೆ ಬರುವುದು ಚಿಗುರನ್ನು ಕಂಡಲ್ಲ, ಹಗಲು ಉದ್ದವಾಗುವುದರಿಂದ. ನಮ್ಮಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಅಂತರ ಹೆಚ್ಚುಕಡಿಮೆ ಒಂದೂವರೆ ಗಂಟೆ ಮಾತ್ರ. ಜೊತೆಗೆ ರಾತ್ರಿ ಹತ್ತರವರೆಗೂ ಟ್ಯೂಬ್‌ಲೈಟ್ ಉರಿಯುವ ಮನೆಯಲ್ಲಿ ಬೆಕ್ಕಿಗೆ ವರ್ಷದ ಬಹುಭಾಗವೂ ವಸಂತವೇ. ಕೂಡದಿದ್ದರೆ ಈ ಬೆದೆ ಒಂದು ವಾರದಲ್ಲಿ ಇಳಿದು, ಎರಡು ಮೂರು ವಾರಗಳಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ಅವಸರಕ್ಕೆ ಕಾರಣವಿಲ್ಲ.

ಮೊದಲು ಎರಡೂ ಬೆಕ್ಕುಗಳ ಮೂತ್ರಪಿಂಡವನ್ನು ಪರೀಕ್ಷಿಸಿ. ಪರ್ಷಿಯನ್ ತಳಿಯಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆಗಳೇಳುವ ವಂಶಪಾರಂಪರ್ಯ ಕಾಯಿಲೆಯೊಂದಿದೆ. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿ ಮರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಗುಳ್ಳೆಗಳು ಹುಟ್ಟಿನಿಂದಲೇ ಇದ್ದರೂ, ಬೆಕ್ಕು ಸೊರಗಿ, ಬಟ್ಟಲುಗಟ್ಟಲೆ ನೀರು ಕುಡಿಯತೊಡಗುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಅಷ್ಟರೊಳಗೆ ಅದರ ಮರಿಗಳು ಹತ್ತಾರು ಮನೆ ಸೇರಿರುತ್ತವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಮಾಡುವ ಡಿಎನ್‌ಎ ಪರೀಕ್ಷೆಯಿಂದ ಇದು ತಿಳಿಯುತ್ತದೆ, ಅನುಭವಿ ಪಶುವೈದ್ಯರ ಅಲ್ಟ್ರಾಸೌಂಡ್‌ನಿಂದಲೂ ತಿಳಿಯುತ್ತದೆ. ದೋಷ ಕಂಡರೆ ಆ ಬೆಕ್ಕನ್ನು ಸಾಕಿ, ಮುದ್ದಿಸಿ, ಮರಿ ಮಾತ್ರ ಮಾಡಿಸಬೇಡಿ. ಬೆಕ್ಕಿನ ಲ್ಯುಕೇಮಿಯ ವೈರಸ್ ಮತ್ತು ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್‌ಗಳ ರಕ್ತಪರೀಕ್ಷೆಯೂ ಇಬ್ಬರಿಗೂ ಆಗಲಿ, ಲಸಿಕೆಗಳು ಮುಗಿದಿರಲಿ.

ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಬಹುಮಟ್ಟಿಗೆ ಕೂಡಿದ ಮೇಲೆಯೇ. ಸಾಮಾನ್ಯವಾಗಿ ಅದಕ್ಕೆ ಒಂದು ಸಲ ಸಾಲದು. ಆ ದಿನಗಳಲ್ಲಿ ಕಿಟಕಿಯಿಂದ ಬೀದಿಯ ಗಂಡು ನುಗ್ಗಿದರೆ ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರಲು ಸಾಧ್ಯ (ಏಕನಿಷ್ಠೆಯ ಕಾವ್ಯಕ್ಕೆ ಬೆಕ್ಕು ಒಗ್ಗುವುದಿಲ್ಲ). ಗರ್ಭದ ಅವಧಿ ಸುಮಾರು 63ರಿಂದ 67 ದಿನ. ಚಪ್ಪಟೆ ಮುಖದ ಈ ತಳಿಯ ಮರಿಗಳ ತಲೆ ದಪ್ಪ; ಜೋರಾಗಿ ಮುಕ್ಕಿರಿದು ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ ಆಸ್ಪತ್ರೆಗೆ ಹೊರಡಿ. ಕೂಗು ತಾಳಲಾರದೆ ಬೆದೆ ತಡೆಯುವ ಹಾರ್ಮೋನು ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ.

ಪ್ರಶ್ನೆ: ನಮ್ಮ ಬೆಕ್ಕಿನ ಮರಿಗಳಿಗೆ 6 ವಾರ. ಯುಗಾದಿಯ ಉಡುಗೊರೆಗೆಂದು ಈಗಲೇ ಕೇಳುತ್ತಿದ್ದಾರೆ. ತಾಯಿ ಹುಡುಕಿಕೊಂಡು ಅಲೆದೀತೆಂಬ ಸಂಕಟ ನನಗೆ.
— ಓದುಗರೊಬ್ಬರು, ಮೈಸೂರು

ಉತ್ತರ: 12 ವಾರ ತುಂಬುವವರೆಗೆ ಕೊಡಬೇಡಿ. ಪರಚದೆ ಆಡುವುದನ್ನು ಮರಿ ಕಲಿಯುವುದು ತಾಯಿಯ ಹಾಗೂ ಒಡಹುಟ್ಟುಗಳ ಜೊತೆಯಲ್ಲೇ. ಪ್ಯಾನ್‌ಲ್ಯೂಕೋಪೀನಿಯ (ವಾಂತಿ, ಭೇದಿ ತರುವ ಮಾರಕ ವೈರಸ್ ರೋಗ) ಲಸಿಕೆಯನ್ನು ಈಗ ಆರಂಭಿಸಿ, 3ರಿಂದ 4 ವಾರಕ್ಕೊಮ್ಮೆಯಂತೆ 16 ವಾರದವರೆಗೆ ಮುಂದುವರಿಸಬೇಕು; ತಾಯಿಯ ಹಾಲಿನಿಂದಲೂ ಹುಳು ದಾಟುವುದರಿಂದ ಜಂತುವಿನ ಔಷಧವನ್ನು ತಾಯಿಗೂ ಕೊಡಿಸಿ. ಮರಿಗಳು ಹೋದ ಮೇಲೆ ತಾಯಿ ಕೆಲವು ದಿನ ಮಂಚದಡಿ, ಬೀರುವಿನ ಹಿಂದೆ ಹುಡುಕೀತು, ಕರೆದೀತು. ಹಾಲು ಬಿಡಿಸಿದ ಕೆಲವೇ ವಾರಗಳಲ್ಲಿ, ಒಮ್ಮೊಮ್ಮೆ ಇನ್ನೂ ಮೊದಲೇ, ಅದೇ ಬಾಯಿಂದ ಬೆದೆಯ ಕೂಗೂ ಹೊರಡುತ್ತದೆ. ಅದರ ಮೈ ಮತ್ತೆ ತುಂಬಿಕೊಳ್ಳುವವರೆಗೆ ಗಂಡು ಬೆಕ್ಕಿನ ಕೋಣೆಯ ಅಗುಳಿ ಹಾಕಿಯೇ ಇರಲಿ.