ಆ ಟ್ವಿನ್ ಪ್ಲೇಟಿನ ಜಿಮ್ಮಿ ರಾಜರ್ಸ್ ಯಾರು, ಅದನ್ನ ಹೇಗೆ ಕೇಳೋದು

ಸರ್ ನಮಸ್ಕಾರ, ಫೋಟೋ ನೋಡ್ದೆ. ಕೆಜಿಎಫ್ ಮನೆ ಖಾಲಿ ಮಾಡುವಾಗ ತಾತನ ಟ್ರಂಕಲ್ಲಿ ಸಿಕ್ಕಿದ ಟ್ವಿನ್ ಲೇಬಲ್ಲಿನ ಗ್ರಾಮಫೋನ್ ಪ್ಲೇಟು, ಮೇಲೆ ಜಿಮ್ಮಿ ರಾಜರ್ಸ್ ಅಂತ ಹೆಸರು, ಇವನ್ಯಾರು, ನನ್ನ ಎಲ್‌ಪಿ ಪ್ಲೇಯರಲ್ಲಿ ಹಾಕ್ಬಹುದಾ, ಇವನದ್ದೇ ಬೇರೆ ಏನೇನು ಕೇಳ್ಬೇಕು ಅಂತ ಕೇಳಿದೀರ. ಮೇಲೆ ಒಬ್ರು ಇದು ಅಮೆರಿಕದ ಹಳ್ಳಿ ಜಾನಪದ ಅಷ್ಟೇ ಅಂತ ಒಂದೇ ಸಾಲಲ್ಲಿ ಮುಗಿಸ್ಬಿಟ್ಟಿದಾರೆ. ಅದನ್ನ ಒಪ್ಪಕ್ಕಾಗಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದ್ಲು ಅರ್ಜೆಂಟ್ ವಿಷಯ. ದಯವಿಟ್ಟು ಅದನ್ನ ಎಲ್‌ಪಿ ಸೂಜಿ ಹಾಕಿ ಓಡಿಸ್ಬೇಡಿ. ನಿಮ್ಮದು 78, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟು, ಅದರ ಗೀರು (ಸೂಜಿ ಓಡೋ ಸಾಲು) ಅಗಲ, ಅದಕ್ಕೆ ಸುಮಾರು 3 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಸೂಜಿ ಬೇಕು, ಎಲ್‌ಪಿ ಸೂಜಿ 1 ಮಿಲ್‌ಗಿಂತ ಸಣ್ಣ, ಅದು ಗೀರಿನ ತಳಕ್ಕೆ ಬಿದ್ದು ಕಸ ಕೆರೀತಾ ಹೋಗತ್ತೆ, ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಹಾಗಂತ ಯಾರದ್ದೋ ಮನೇಲಿರೋ ಕೀಲಿ ಕೊಡೋ ಗ್ರಾಮಫೋನಿಗೂ ಹಾಕ್ಬೇಡಿ, ಅದರ ಪಿನ್ನು ಹಿಡಿಯೋ ಸೌಂಡ್ ಬಾಕ್ಸ್ ತೂಕಕ್ಕೆ ಉಕ್ಕಿನ ಪಿನ್ನು ಸೇರಿದ್ರೆ ಪ್ರತಿ ಸಲ ಒಂದಿಷ್ಟು ಸವೆಯೋದು ಗ್ಯಾರಂಟಿ. ನಿಮ್ಮ ಕಾರ್ಟ್ರಿಜ್‌ಗೆ (ಸೂಜಿ ಕೂರೋ ಭಾಗಕ್ಕೆ) 78 ಸೂಜಿ ಪ್ರತ್ಯೇಕವಾಗಿ ಸಿಗತ್ತಾ ನೋಡಿ, ಸುಮಾರು ಕಂಪನಿಗಳು ಕೊಡ್ತವೆ. ಪ್ಲೇಯರಲ್ಲಿ 78 ಸ್ಪೀಡೇ ಇಲ್ದಿದ್ರೂ ತೊಂದ್ರೆ ಇಲ್ಲ, 78 ಸೂಜಿ ಹಾಕಿ 45ರಲ್ಲಿ ಓಡಿಸಿ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್ವೇರಲ್ಲಿ ಸ್ಪೀಡ್ ಶೇಕಡ 73ರಷ್ಟು ಏರ್ಸಿ. ಫೋನೋ ಇನ್‌ಪುಟ್ ಎಲ್‌ಪಿಗೆ ಅಂತ ಹೊಂದಿಸಿರೋದು, ಹಾಗಾಗಿ ದನಿ ಮಬ್ಬಾಗಿ ಬರತ್ತೆ, ಟ್ರೆಬಲ್ ಸ್ವಲ್ಪ ಜಾಸ್ತಿ ಮಾಡಿದ್ರೆ ಸರಿಹೋಗತ್ತೆ.

ತೊಳೆಯೋದಾದ್ರೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬ್ರಷ್, ಅಷ್ಟೇ. ಲೇಬಲ್‌ಗೆ ನೀರು ತಾಗಿಸ್ಬೇಡಿ. ಸ್ಪಿರಿಟ್ಟು ಸ್ಯಾನಿಟೈಸರ್ರು ಹತ್ರಾನೂ ತರ್ಬೇಡಿ, ಇದು ಪ್ಲಾಸ್ಟಿಕ್ ಅಲ್ಲ ಅರಗು, ಆಲ್ಕೋಹಾಲ್‌ಗೆ ಕರಗತ್ತೆ. ಒಣಗಿದ್ಮೇಲೆ ಹೊಸ ಪೇಪರ್ ಕವರಲ್ಲಿ ಹಾಕಿ ನೆಟ್ಟಗೆ ನಿಲ್ಸಿಡಿ, ಒಂದರ ಮೇಲೊಂದು ಪೇರಿಸ್ಬೇಡಿ.

ಈಗ ಮನುಷ್ಯನ ವಿಷಯಕ್ಕೆ ಬರ್ತೀನಿ. ಹುಟ್ಟಿದ್ದು 1897ರ ಸೆಪ್ಟೆಂಬರ್ 8, ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯ, ಮೆರಿಡಿಯನ್ ಕಡೆಯವ. ಅಪ್ಪ ರೈಲ್ವೆ ಗ್ಯಾಂಗಿನ ಮೇಸ್ತ್ರಿ, ತಾಯಿ ಇವನು ಚಿಕ್ಕೋನಿರುವಾಗ್ಲೇ ಹೋದ್ರು. ಹುಡುಗ ಹದಿಮೂರರ ಹೊತ್ತಿಗೇ ಮನೆ ಬಿಟ್ಟು ಊರೂರು ತಿರುಗ್ತಾ ಔಷಧಿ ಮಾರೋ ಶೋ ಹಿಂದೆ ಹಾಡ್ಕೊಂಡು ಹೋಗಿದ್ದ, ಅಪ್ಪ ಹುಡುಕಿ ಕರ್ಕೊಂಡ್ಬಂದು ರೈಲ್ವೆಗೆ ಸೇರ್ಸಿದ್ರು. ಹಳಿ ಕೆಲಸದ ಕಪ್ಪು ಜನರಿಗೆ ನೀರು ಹೊರೋದು ಮೊದಲ ಕೆಲಸ, ಅವರ ನೋವು ಹೇಳೋ ಬ್ಲೂಸ್ ಹಾಡು, ಕೆಲಸದ ಕೂಗು ಕಿವಿಗೆ ಬಿದ್ದಿದ್ದು ಅಲ್ಲೇ ಅಂತಾರೆ. ಆಮೇಲೆ ಬ್ರೇಕ್‌ಮನ್ ಆದ, ಅಂದ್ರೆ ರೈಲಿನ ಬ್ರೇಕ್ ನೋಡ್ಕೊಳ್ಳೋನು. 1924ರಲ್ಲಿ ಟಿಬಿ. ಆವಾಗ ಅದಕ್ಕೆ ಮದ್ದೇ ಇರ್ಲಿಲ್ಲ, ಸ್ಟ್ರೆಪ್ಟೋಮೈಸಿನ್ ಬಂದಿದ್ದೇ 1940ರ ದಶಕದಲ್ಲಿ, ಅಲ್ಲೀವರೆಗೆ ಡಾಕ್ಟ್ರು ಹೇಳ್ತಿದ್ದಿದ್ದು ವಿಶ್ರಾಂತಿ ತಗೊಳ್ಳಿ, ಒಳ್ಳೆ ಗಾಳಿ ಇರೋ ಕಡೆ ಹೋಗಿ ಅಂತ. ಇವನ ವಿಳಾಸಗಳನ್ನ ನೋಡಿದ್ರೆ ಅದೇ ಕಾಣತ್ತೆ, ಬೆಟ್ಟದ ಊರು ಆಶ್‌ವಿಲ್, ಆಮೇಲೆ ಒಣಹವೆಯ ಟೆಕ್ಸಾಸ್‌ನ ಕೆರ್‌ವಿಲ್, ಎರಡೂ ಟಿಬಿ ರೋಗಿಗಳು ಹುಡುಕ್ಕೊಂಡು ಹೋಗ್ತಿದ್ದ ಜಾಗ. ರೈಲ್ವೆಯಲ್ಲಿ ದುಡಿಯೋ ತ್ರಾಣ ಹೋಯ್ತು, ಉಳಿದಿದ್ದು ಗಿಟಾರು. ವಿಚಿತ್ರ ಅಂದ್ರೆ ಕಂಪನಿಯವರು ಕೊನೇವರೆಗೂ ಇವನನ್ನ ಹಾಡುವ ಬ್ರೇಕ್‌ಮನ್ ಅಂತಲೇ ಮಾರಿದ್ರು. ರೈಲ್ವೆ ಟೋಪಿ ಹಾಕಿರೋ ಫೋಟೋಗಳು ನೀವು ನೋಡ್ತೀರಲ್ಲ, ಅವೆಲ್ಲ ಕೆಲಸ ಬಿಟ್ಟು ವರ್ಷಗಳಾದ್ಮೇಲಿನವು.

1927ರ ಬೇಸಿಗೆ. ವಿಕ್ಟರ್ ರೆಕಾರ್ಡ್ ಕಂಪನಿ ಪರವಾಗಿ ರಾಲ್ಫ್ ಪಿಯರ್ ಅನ್ನೋನು ರೆಕಾರ್ಡಿಂಗ್ ಸಾಮಾನು ಹೊತ್ಕೊಂಡು ಬ್ರಿಸ್ಟಲ್‌ಗೆ ಬಂದ. ಈ ಊರು ಹೇಗೆ ಅಂದ್ರೆ ಮೇನ್ ರೋಡ್ ಮಧ್ಯದಲ್ಲೇ ರಾಜ್ಯದ ಗಡಿ, ಈ ಕಡೆ ಟೆನೆಸಿ ಆ ಕಡೆ ವರ್ಜೀನಿಯಾ. ಟೋಪಿ ಕಂಪನಿಯೊಂದರ ಖಾಲಿ ಕಟ್ಟಡದಲ್ಲಿ ಸ್ಟುಡಿಯೋ. ರಾಜರ್ಸ್ ಒಂದು ಬ್ಯಾಂಡ್ ಕಟ್ಕೊಂಡು ಬಂದಿದ್ದ, ಆದ್ರೆ ರೆಕಾರ್ಡಿಂಗ್ ಹಿಂದಿನ ರಾತ್ರಿ ಪ್ಲೇಟ್ ಮೇಲೆ ಯಾರ ಹೆಸರು ಹಾಕೋದು ಅಂತ ಜಗಳ ಆಗಿ ಬ್ಯಾಂಡು ಒಡೆದುಹೋಯ್ತು. ನಮ್ಮ ಆರ್ಕೆಸ್ಟ್ರಾಗಳಲ್ಲೂ ಇದು ಹೊಸದಲ್ಲ ಬಿಡಿ. ಆಗಸ್ಟ್ 4ರ ಮಧ್ಯಾಹ್ನ ಎರಡು ಗಂಟೆಗೆ ಒಬ್ಬನೇ ಗಿಟಾರ್ ಹಿಡ್ಕೊಂಡು ಕೂತ, ನಾಲ್ಕು ಇಪ್ಪತ್ತಕ್ಕೆ ಎರಡು ಹಾಡು ಮುಗೀತು, ಕೈಗೆ 100 ಡಾಲರ್. ಅದೇ ವಾರ ಅದೇ ಕಟ್ಟಡದಲ್ಲಿ ಕಾರ್ಟರ್ ಫ್ಯಾಮಿಲಿ ಅನ್ನೋ ಹಾಡುಗಾರರ ತಂಡದವರೂ ಮೊದಲ ಸಲ ಹಾಡಿದ್ರು. ಕಂಟ್ರಿ ಮ್ಯೂಸಿಕ್, ಅಂದ್ರೆ ಅಮೆರಿಕದ ದಕ್ಷಿಣದಲ್ಲಿ ಬೆಳೆದ ಜನಪ್ರಿಯ ಹಾಡಿನ ಪ್ರಕಾರ, ಅದರ ಚರಿತ್ರೆ ಬರೆಯೋರು ಬ್ರಿಸ್ಟಲ್‌ನಿಂದಲೇ ಶುರು ಮಾಡೋದು ಇದಕ್ಕೇ.

ಇಲ್ಲಿ ಪಿಯರ್‌ನ ಲೆಕ್ಕಾಚಾರ ತಿಳ್ಕೊಂಡ್ರೆ ಮಿಕ್ಕಿದ್ದೆಲ್ಲ ಅರ್ಥ ಆಗತ್ತೆ. ಅವನಿಗೆ ದುಡ್ಡು ಬರ್ತಿದ್ದಿದ್ದು ಹಾಡಿನ ಕಾಪಿರೈಟ್‌ನಿಂದ, ಹಾಗಾಗಿ ಎಲ್ರಿಗೂ ಗೊತ್ತಿರೋ ಹಳೇ ಹಾಡು ಅವನಿಗೆ ಬೇಡ, ಹೊಸದಾಗಿ ರಿಜಿಸ್ಟರ್ ಮಾಡೋಕೆ ಬರೋದು ಬೇಕು. ರಾಜರ್ಸ್ ಹತ್ರ ಸ್ವಂತ ಹಾಡು ಜಾಸ್ತಿ ಇರ್ಲಿಲ್ಲ. ಏನ್ಮಾಡ್ದ ಅಂದ್ರೆ ಕಪ್ಪು ಗಾಯಕರ ಬಾಯಲ್ಲಿ ಓಡಾಡ್ತಿದ್ದ ಬ್ಲೂಸ್ ಸಾಲುಗಳನ್ನ ಹೆಕ್ಕಿ ಜೋಡಿಸಿ, ಎರಡು ಚರಣದ ಮಧ್ಯೆ ಗಂಟಲು ಮುರಿದು ಯೋಡೆಲ್ ಹಾಕ್ದ, ಅಂದ್ರೆ ದನಿಯನ್ನ ಕೆಳಗಿಂದ ಮೇಲಕ್ಕೆ ಥಟ್ಟನೆ ಹಾರಿಸ್ತಾ ಹಾಡೋದು. ಯೋಡೆಲ್ ಇವನೇ ಕಂಡುಹಿಡಿದಿದ್ದಲ್ಲ, ಸ್ಟೇಜ್ ಗಾಯಕರು ಎಷ್ಟೋ ವರ್ಷದಿಂದ ಮಾಡ್ತಿದ್ರು, ರೈಲಿ ಪಕೆಟ್ ಅನ್ನೋ ಗಾಯಕ 1924ರಲ್ಲೇ ರೆಕಾರ್ಡಲ್ಲಿ ಮಾಡಿದ್ದ. ಆದ್ರೆ ಬ್ಲೂಸ್ ಒಳಗೆ ವಾದ್ಯ ಬರ್ಬೇಕಾದ ಜಾಗದಲ್ಲಿ ಅದನ್ನ ಕೂರಿಸಿದ ರೀತಿ ಇವನದ್ದೇ. ಮತ್ತೆ ಹೆಂಡತಿಯ ಅಕ್ಕ ಎಲ್ಸಿ ಮೆಕ್‌ವಿಲಿಯಮ್ಸ್ ಬರೆದುಕೊಟ್ಟ ಹಾಡುಗಳು ಮೂವತ್ತಕ್ಕೂ ಮೇಲಿವೆ. ಇವನಿಗೆ ನೊಟೇಶನ್ ಓದೋಕೆ ಬರ್ತಿರ್ಲಿಲ್ಲ, ಆಯಮ್ಮನೇ ಹಾಡಿ ಕಲಿಸ್ತಿದ್ರು. ಅವರ ಹೆಸರನ್ನ ಯಾರೂ ಹೇಳಲ್ಲ, ನಂಗೆ ಅದೇ ಬೇಜಾರು.

ಮೊದಲ ಪ್ಲೇಟಿಂದ ದುಡ್ಡು ಅಷ್ಟಕ್ಕಷ್ಟೇ. ಕಂಪನಿ ಕರೀಲಿ ಅಂತ ಕಾಯ್ಲಿಲ್ಲ, ತಾನೇ ನ್ಯೂಯಾರ್ಕಿಗೆ ಹೋಗಿ ಹೋಟೆಲ್ ರೂಮ್ ಮಾಡಿ ಪಿಯರ್‌ಗೆ ಫೋನ್ ಹಾಕ್ದ, ನಾನು ಬಂದಿದೀನಿ, ರೆಕಾರ್ಡ್ ಮಾಡ್ಕೊಳ್ಳೋದಾದ್ರೆ ಮಾಡ್ಕೊಳ್ಳಿ ಅನ್ನೋ ತರ. 1927ರ ನವೆಂಬರ್ 30, ನ್ಯೂಜೆರ್ಸಿಯ ಕ್ಯಾಮ್ಡನ್. ಆ ದಿನದ ನಾಲ್ಕು ಹಾಡಲ್ಲಿ ಒಂದು ಬ್ಲೂ ಯೋಡೆಲ್, ಟಿ ಫಾರ್ ಟೆಕ್ಸಾಸ್ ಅಂತ ಶುರುವಾಗೋದು. ಅದು ಲಕ್ಷಗಟ್ಟಲೆ ಹೋಯ್ತು. ಆಮೇಲೆ ಬ್ಲೂ ಯೋಡೆಲ್ ನಂಬರ್ 2, ನಂಬರ್ 3 ಅಂತ ಸೀರೀಸ್ಸೇ ಮಾಡ್ಬಿಟ್ರು. 1929ರ ಹೊತ್ತಿಗೆ ಕೆರ್‌ವಿಲ್‌ನಲ್ಲಿ ದೊಡ್ಡ ಬಂಗ್ಲೆ, ಕಾರು, ಮಾರ್ಟಿನ್ ಕಂಪನಿಯವರು ಇವನ ಹೆಸರನ್ನೇ ಕೂರಿಸಿ ಮಾಡಿಕೊಟ್ಟ ಗಿಟಾರು. ಅದನ್ನ ಹಿಂದೆ ತಿರುಗಿಸಿದ್ರೆ ಥ್ಯಾಂಕ್ಸ್ ಅಂತ ದೊಡ್ಡಕ್ಷರದಲ್ಲಿ ಬರೆದಿತ್ತು, ಹಾಡು ಮುಗಿದ ತಕ್ಷಣ ಜನರ ಕಡೆ ತಿರುಗಿಸಿ ತೋರಿಸ್ತಿದ್ದ. ಖರ್ಚಲ್ಲೂ ಹಾಗೇ, ಬಂದಿದ್ದೆಲ್ಲ ಹೋಗ್ತಿತ್ತು, ಡಾಕ್ಟರ್ ಬಿಲ್ಲೇ ಸಾಕಿತ್ತು, ಬಂಗ್ಲೆನೂ ಕೊನೆಗೆ ಮಾರಿ ಸ್ಯಾನ್ ಆಂಟೋನಿಯೋಗೆ ಹೋದ.

ಹಳ್ಳಿ ಜಾನಪದ ಅಷ್ಟೇ ಅಂದ್ರಲ್ಲ, ಅವರಿಗೆ ನಾನು ಹೇಳೋದು, 1930ರ ಜುಲೈ 16ರ ಪ್ಲೇಟ್ ಕೇಳಿ. ಬ್ಲೂ ಯೋಡೆಲ್ ನಂಬರ್ 9, ಹಾಲಿವುಡ್‌ನಲ್ಲಿ ಆಗಿದ್ದು. ಟ್ರಂಪೆಟ್ ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋ ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್, ಇಬ್ರೂ ಕಪ್ಪು ಜಾಝ್ ಕಲಾವಿದರು. ಕರಿಯರು ಬಿಳಿಯರು ಒಂದೇ ಬೆಂಚಲ್ಲಿ ಕೂರಂಗಿಲ್ಲ ಅನ್ನೋ ಕಾಯ್ದೆ ದಕ್ಷಿಣದಲ್ಲಿದ್ದ ಕಾಲ, ಲೇಬಲ್ ಮೇಲೆ ಆರ್ಮ್‌ಸ್ಟ್ರಾಂಗ್ ಹೆಸರೇ ಇಲ್ಲ. ಇದೊಂದೇ ಅಲ್ಲ, ಹವಾಯಿ ಗಿಟಾರ್ ಇಟ್ಕೊಂಡು ಹಾಡಿದ್ದಾನೆ, ಜಾಡಿ ಊದೋ ಬ್ಯಾಂಡ್ ಜೊತೆ ಹಾಡಿದ್ದಾನೆ, ಡ್ಯಾನ್ಸ್ ಬ್ಯಾಂಡ್ ತರದ ಕಾರ್ನೆಟ್ ಕ್ಲಾರಿನೆಟ್ ಹಾಕ್ಸಿದ್ದಾನೆ. ಇವತ್ತು ನಾವು ಶುದ್ಧ ಸಾಂಪ್ರದಾಯಿಕ ಕಂಟ್ರಿ ಅಂತ ಪೂಜೆ ಮಾಡೋದು ಆವತ್ತಿನ ಮಾರ್ಕೆಟ್ಟಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದ ಹೊಸ ಮಾಲು. ಇನ್ನೊಂದು, ತಾಳದ ವಿಷಯದಲ್ಲಿ ಇವನು ಭಾರಿ ಸ್ವತಂತ್ರ, ಮನಸ್ಸಿಗೆ ಬಂದಲ್ಲಿ ಒಂದೆರಡು ಬೀಟ್ ಎಳೀತಾನೆ, ಇಲ್ಲ ನುಂಗ್ತಾನೆ. ನಂಬರ್ 9ರಲ್ಲಿ ಆ ದೊಡ್ಡ ದೊಡ್ಡ ವಾದ್ಯಗಾರರೇ ಇವನ ಬಾಯಿ ನೋಡ್ಕೊಂಡು ಕಾದು ಎತ್ಕೊಳ್ಳೋದು ಕೇಳ್ಸತ್ತೆ, ನಾನು ಆ ಮೂರು ನಿಮಿಷಕ್ಕೆ ಇಡೀ ಬಾಕ್ಸ್ ಸೆಟ್ ಬೇಕಾದ್ರೂ ಬಿಟ್ಟುಕೊಡ್ತೀನಿ.

1931ರ ಜನವರಿಯಲ್ಲಿ ಟಿ.ಬಿ. ಬ್ಲೂಸ್. ತನ್ನ ಕಾಯಿಲೆ ಮೇಲೆ ತಾನೇ ಹಾಡಿದ್ದು, ಅದೂ ಗೋಳಾಡದೆ. ಆ ಹೊತ್ತಿಗೆ ಆರ್ಥಿಕ ಕುಸಿತ, 1927ರಲ್ಲಿ ಅಮೆರಿಕದಲ್ಲಿ ಹತ್ತು ಕೋಟಿಗೂ ಮೇಲೆ ಹೋಗ್ತಿದ್ದ ರೆಕಾರ್ಡು 1932ಕ್ಕೆ 60 ಲಕ್ಷಕ್ಕೆ ಬಂದಿತ್ತು ಅಂತ ಲೆಕ್ಕ ಹೇಳ್ತಾರೆ. ಪ್ಲೇಟಿಗೆ 75 ಸೆಂಟ್ ಕೊಡೋರು ಯಾರು ಆವಾಗ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋದ, ಜೊತೆಗೆ ನರ್ಸು. 17ರಿಂದ 24ರ ತನಕ ಮಧ್ಯೆ ಮಧ್ಯೆ ದಿನ ಬಿಟ್ಟು ರೆಕಾರ್ಡಿಂಗ್, ಸ್ಟುಡಿಯೋದಲ್ಲೇ ಮಂಚ ಹಾಕಿದ್ರು, ಒಂದು ಹಾಡು ಮುಗಿಸಿ ಮಲಗೋದು, ಎದ್ದು ಇನ್ನೊಂದು. ಕೊನೇ ದಿನ ಬೇರೆ ಗಿಟಾರಿನವರು ಇದ್ರು, ಆದ್ರೂ ಕಟ್ಟಕಡೇ ಹಾಡನ್ನ ಬ್ರಿಸ್ಟಲ್‌ನಲ್ಲಿ ಮಾಡಿದ ಹಾಗೇ ಒಬ್ಬನೇ ಹಾಡಿದ. ಮೇ 26ಕ್ಕೆ ಟಾಫ್ಟ್ ಹೋಟೆಲ್‌ನಲ್ಲಿ ತೀರ್ಕೊಂಡ, ವಯಸ್ಸು 35. ಪೂರಾ ಆರು ವರ್ಷನೂ ಆಗದ ಕೆರಿಯರಲ್ಲಿ ನೂರಹತ್ತರ ಹತ್ರ ಹಾಡು. 1961ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ಮೂವರಲ್ಲಿ ಇವನೊಬ್ಬ, ಇನ್ನಿಬ್ಬರು ಹ್ಯಾಂಕ್ ವಿಲಿಯಮ್ಸ್, ಫ್ರೆಡ್ ರೋಸ್.

ಕೆಜಿಎಫ್ ಟ್ರಂಕಿಗೆ ಹೇಗ್ ಬಂತು ಅಂದ್ರೆ, ವಿಕ್ಟರ್ ಮತ್ತೆ ಎಚ್‌ಎಂವಿ ಅಣ್ಣತಮ್ಮ ಕಂಪನಿಗಳು, ಒಬ್ರ ಮಾಸ್ಟರ್ (ರೆಕಾರ್ಡಿಂಗಿನ ಮೂಲ ಅಚ್ಚು) ಇನ್ನೊಬ್ರು ತರ್ಸಿ ಒತ್ತುತ್ತಿದ್ರು, ಟ್ವಿನ್ ಅನ್ನೋದು ಎಚ್‌ಎಂವಿ ಮನೆಯ ಕಮ್ಮಿ ರೇಟಿನ ಲೇಬಲ್ಲು, ಇಲ್ಲೇ ಕಲ್ಕತ್ತಾದ ಡಮ್‌ಡಮ್ ಫ್ಯಾಕ್ಟ್ರಿಯಲ್ಲಿ ತಯಾರು. ರೈಲ್ವೆ ಕಾಲೋನಿ, ಗಣಿ, ಎಸ್ಟೇಟು ಇದ್ದಲ್ಲೆಲ್ಲ ಇಂಗ್ಲಿಷ್ ಪ್ಲೇಟಿಗೆ ಗಿರಾಕಿ ಇದ್ರು. ಕಿಶೋರ್ ಕುಮಾರ್ ಯೋಡೆಲ್ ಕಲಿತಿದ್ದು ಅಣ್ಣ ಅನೂಪ್ ಕುಮಾರ್ ಹತ್ರ ಇದ್ದ ಜಿಮ್ಮಿ ರಾಜರ್ಸ್, ಟೆಕ್ಸ್ ಮಾರ್ಟನ್ ಅನ್ನೋ ಇನ್ನೊಬ್ಬ ಯೋಡೆಲ್ ಗಾಯಕನ ಪ್ಲೇಟ್ ಕೇಳಿ ಅಂತ ಎಲ್ರೂ ಹೇಳ್ತಾರೆ, ನಮ್ಮ ಕುಳ್ಳ ಏಜೆಂಟ್ 000ದಲ್ಲಿ ಆಡೂ ಆಟ ಆಡೂ ಅಂದ ಅದೇ ಕಿಶೋರ್. ಕೀನ್ಯಾದಲ್ಲಂತೂ ಕಿಪ್ಸಿಗಿಸ್ ಜನರ ಹುಡುಗೀರು ಇವನ ಹೆಸರನ್ನ ಚೆಮಿರೋಚಾ ಅಂತ ಮಾಡ್ಕೊಂಡು, ಅರ್ಧ ಮನುಷ್ಯ ಅರ್ಧ ಜಿಂಕೆ ಅಂತ ಕಲ್ಪಿಸ್ಕೊಂಡು ಹಾಡಿದ್ದನ್ನ 1950ರಲ್ಲಿ ಹ್ಯೂ ಟ್ರೇಸಿ ಅನ್ನೋ ಸಂಗೀತ ಸಂಗ್ರಾಹಕರು ರೆಕಾರ್ಡ್ ಮಾಡಿದ್ದಾರೆ, ಯೂಟ್ಯೂಬಲ್ಲಿ ಹುಡುಕಿ ಕೇಳಿ.

ಇನ್ನು ಎಲ್ಲಿಂದ ಶುರು ಮಾಡೋದು. ಇವನನ್ನ ತಾರೀಕಿನ ಪ್ರಕಾರ ಕೇಳ್ಬೇಕು ಸರ್, ಬೆಸ್ಟ್ ಆಫ್ ಅಂತ ಕಲಸಿಟ್ಟಿರೋದು ಬೇಡ, ಯಾಕಂದ್ರೆ ಉಸಿರು ಎಲ್ಲಿ ಕಮ್ಮಿ ಆಗ್ತಾ ಬಂತು, ಯೋಡೆಲ್ ಎಲ್ಲಿ ಗಿಡ್ಡ ಆಯ್ತು ಅನ್ನೋದು ಹಾಗೆ ಕೇಳಿದ್ರೇ ಗೊತ್ತಾಗೋದು. ಮೊದ್ಲು 1927ರ ಬ್ಲೂ ಯೋಡೆಲ್, ಆಮೇಲೆ 1928ರ ವೇಟಿಂಗ್ ಫಾರ್ ಎ ಟ್ರೇನ್, ನಂಬರ್ 9, ಟಿ.ಬಿ. ಬ್ಲೂಸ್, ಕೊನೆಗೆ 1933ರವು. ಇಷ್ಟಾದ್ಮೇಲೆ ಹಿಡಿಸಿದ್ರೆ ಪೂರ್ತಿ ಸೆಟ್‌ಗೆ ಹೋಗಿ, ಬೇರ್ ಫ್ಯಾಮಿಲಿ ಅನ್ನೋ ರೆಕಾರ್ಡ್ ಕಂಪನಿಯವರ ಆರು ಸಿಡಿಯದ್ದು ಸೌಂಡ್ ಚೆನ್ನಾಗಿದೆ.

ಹುಡುಕುವಾಗ ಎರಡು ಕಡೆ ಮೋಸ ಹೋಗ್ತೀರ. ಒಂದು, 1957ರಲ್ಲಿ ಹನಿಕೋಂಬ್ ಅಂತ ಹಿಟ್ ಕೊಟ್ಟ ಪಾಪ್ ಸಿಂಗರ್ ಹೆಸರೂ ಜಿಮ್ಮಿ ರಾಜರ್ಸ್, ಸಂಬಂಧನೇ ಇಲ್ಲ, ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇಬ್ರನ್ನೂ ಕಲಸಿ ಹಾಕಿರ್ತಾರೆ. ಎರಡು, 1955ರಲ್ಲಿ, ವಿಕ್ಟರನ್ನ ಮುಂಚೆನೇ ಕೊಂಡಿದ್ದ ಆರ್‌ಸಿಎಯವರು ಹಳೇ ರೆಕಾರ್ಡ್ ಮೇಲೆ ಹ್ಯಾಂಕ್ ಸ್ನೋ ಅನ್ನೋ ಕಂಟ್ರಿ ಗಾಯಕನ ಬ್ಯಾಂಡಿನ ವಾದ್ಯ ಸೇರಿಸಿ ಮತ್ತೆ ಬಿಟ್ರು. ಹಿಂದೆ ತುಂಬಾ ನೀಟಾದ ಬ್ಯಾಂಡ್ ಕೇಳಿಸ್ತು, ತಾಳ ಎಲ್ಲೂ ಎಳೆದಾಡ್ತಿಲ್ಲ ಅಂದ್ರೆ ಅನುಮಾನ ಪಡಿ.

ರೇಟಿನ ಬಗ್ಗೆ ಇನ್‌ಬಾಕ್ಸಲ್ಲಿ ಯಾರಾದ್ರೂ ದೊಡ್ಡ ಮೊತ್ತ ಹೇಳಿದ್ರೂ ತಕ್ಷಣ ಕೊಡ್ಬೇಡಿ, ಕಮ್ಮಿ ಹೇಳಿದ್ರೂ ಕೊಡ್ಬೇಡಿ. ಮೊದ್ಲು ಒಳ್ಳೆ ಬೆಳಕಲ್ಲಿ ಓರೆಯಾಗಿ ಹಿಡಿದು ಗೀರು ನೋಡಿ, ಕಪ್ಪಾಗಿ ಮಿರುಗ್ತಿದ್ರೆ ಒಳ್ಳೇದು, ಬೂದು ತಿರುಗಿದ್ರೆ ಪಿನ್ನು ತಿಂದಿದೆ. ಅಂಚಿಂದ ಒಳಕ್ಕೆ ಕೂದಲೆಳೆ ಬಿರುಕು ಇದ್ಯಾ ಅಂತಾನೂ ನೋಡಿ. ಆಮೇಲೆ ಲೇಬಲ್ ಸುತ್ತ ಅರಗಲ್ಲಿ ಒತ್ತಿರೋ ನಂಬರ್ ಇರತ್ತಾ ನೋಡಿ, ವಿಕ್ಟರ್ ಮಾಸ್ಟರ್ ನಂಬರ್ ಕಾಣಿಸಿದ್ರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದವರ ಆನ್‌ಲೈನ್ ಡಿಸ್ಕಾಗ್ರಫಿಯಲ್ಲಿ (ರೆಕಾರ್ಡುಗಳ ಪಟ್ಟಿಯಲ್ಲಿ) ಹಾಕಿ, ಯಾವ ದಿನ ಯಾವ ಊರಲ್ಲಿ ಹಾಡಿದ್ದು ಅಂತ ಬಂದ್ಬಿಡತ್ತೆ. ಎರಡೂ ಸೈಡಿನ ಲೇಬಲ್ಲು, ಆ ನಂಬರ್ರು ಕ್ಲಿಯರ್ ಆಗಿ ಕಾಣೋ ಹಾಗೆ ಫೋಟೋ ಹಾಕಿ ಸರ್, ನಿಮ್ಮ ಫೋಟೋದಲ್ಲಿ ಫ್ಲಾಶ್ ಬಿದ್ದು ಹಾಡಿನ ಹೆಸರೇ ಕಾಣ್ತಿಲ್ಲ.