ಮನೆಯ ಗ್ಯಾರೇಜಿನಲ್ಲಿ ಮರಗೆಲಸ: ಧೂಳು ಹಿಡಿಯಲು ದೊಡ್ಡ ಯಂತ್ರ ಬೇಕೆ?

ಪುಣೆಯ ಕೋಥರೂಡಿನಲ್ಲಿ ಹತ್ತಡಿಗೆ ಹನ್ನೆರಡಡಿಯ ಗ್ಯಾರೇಜು, ಸಣ್ಣ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಸ್ಯಾಂಡರ್ (ಮರ ಉಜ್ಜುವ ಯಂತ್ರ), ರೌಟರ್ (ಅಂಚು, ಗಾಡಿ ಕೊರೆಯುವ ಯಂತ್ರ). 2 ಎಚ್‌ಪಿಯ ಬಟ್ಟೆಚೀಲದ ಡಸ್ಟ್ ಕಲೆಕ್ಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಧಾರವಾಡದಿಂದ ಬಂದು ಇದೇ ಊರಿನಲ್ಲಿ ನೆಲೆಸಿರುವ ನಾನೂ ಇಷ್ಟೇ ಜಾಗದಲ್ಲಿ ಕೆಲಸ ಮಾಡುತ್ತೇನೆ.

ನೆಲಕ್ಕೆ ಬೀಳುವ ಹೊಟ್ಟು ಕಣ್ಣಿಗೆ ರೇಜಿಗೆ, ಅಷ್ಟೇ; ಪೊರಕೆಗೆ ಸಿಗುತ್ತದೆ. ಎದೆಗೆ ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣ ಹುಡಿ. ಅದು ಕಾಣುವುದಿಲ್ಲ, ಯಂತ್ರ ನಿಲ್ಲಿಸಿದ ಮೇಲೂ ಬಹಳ ಹೊತ್ತು ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಗ್ಗದ ಕಲೆಕ್ಟರ್‌ಗಳ ಬಟ್ಟೆಚೀಲದ ನೇಯ್ಗೆ ಒರಟು. ಚಕ್ಕೆಯನ್ನು ಒಳಗಿಟ್ಟುಕೊಂಡು ಹುಡಿಯನ್ನು ನಿಮ್ಮ ಮುಖದೆತ್ತರಕ್ಕೆ ಊದುತ್ತವೆ. ಹಣ ಕೊಟ್ಟು ನೆಲ ಚೊಕ್ಕ ಮಾಡಿಕೊಂಡಂತಾಯಿತು.

ಆದ್ದರಿಂದ ಮೊದಲ ಖರ್ಚು ಬದಲಾಯಿಸಬಲ್ಲ ಫಿಲ್ಟರ್ ಇರುವ, ಮೂಗು ಬಾಯಿ ಮುಚ್ಚುವ ಅರ್ಧಮುಖದ ರೆಸ್ಪಿರೇಟರ್. ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ, ಆಯ್ಕೆ ನಿಮ್ಮದು. ಎರಡನೆಯದು ಹೆಪಾ ಫಿಲ್ಟರ್ (ಕಣ್ಣಿಗೆ ಕಾಣದ ಹುಡಿಯನ್ನೂ ಹಿಡಿಯುವಂಥದ್ದು) ಇರುವ ವ್ಯಾಕ್ಯೂಮ್. ಸ್ಯಾಂಡರ್, ರೌಟರ್‌ಗಳ ಸಣ್ಣ ಬಾಯಿಗೆ ವ್ಯಾಕ್ಯೂಮೇ ಸರಿ, ಏಕೆಂದರೆ ಕಿರಿದಾದ ಕೊಳವೆಯಲ್ಲಿ ಎಳೆಯುವ ಬಲ ಅದಕ್ಕಿದೆ. ದೊಡ್ಡ ಕಲೆಕ್ಟರ್ ಹೆಚ್ಚು ಗಾಳಿಯನ್ನು ಕಡಿಮೆ ಬಲದಿಂದ ಸಾಗಿಸುವಂಥದ್ದು. ಅದಕ್ಕೆ 4 ಇಂಚಿನ ಕೊಳವೆ ಬೇಕು, ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿ ಹರಿಯಬೇಕು. ಮುಂದೆ ಹಲಗೆಯ ದಪ್ಪ ಇಳಿಸುವ ಥಿಕ್‌ನೆಸ್ ಪ್ಲೇನರ್ ಕೊಂಡರೆ ಆಗ ಅದರ ಮಾತು.

ವ್ಯಾಕ್ಯೂಮಿಗೂ ಯಂತ್ರಕ್ಕೂ ನಡುವೆ ಒಂದು ಸೈಕ್ಲೋನ್ ಇಡಿ. ಶಂಕುವಿನಾಕಾರದ ಪ್ಲಾಸ್ಟಿಕ್ ತುಂಡು, ಕೆಳಗೊಂದು 20 ಲೀಟರಿನ ಪೇಂಟ್ ಬಕೆಟ್. ಸುತ್ತುವ ಗಾಳಿ ಭಾರದ ಹೊಟ್ಟನ್ನು ಗೋಡೆಗೆ ತಳ್ಳಿ ಬಕೆಟ್ಟಿಗೆ ಬೀಳಿಸುತ್ತದೆ. ಫಿಲ್ಟರ್ ಬೇಗ ಕಟ್ಟುವುದಿಲ್ಲ. ಇಡೀ ಆಟ ಕೆಡುವುದು ಮುಚ್ಚಳದಲ್ಲಿ. ಎಳ್ಳಷ್ಟು ಗಾಳಿ ಅಲ್ಲಿಂದ ನುಗ್ಗಿದರೂ ಬಿದ್ದ ಹುಡಿ ಮತ್ತೆ ಮೇಲೇರುತ್ತದೆ. ಹೊಟ್ಟು ಸೇರುವ ಮೊದಲೇ, ಬಕೆಟ್ ಖಾಲಿ ಇದ್ದಾಗ, ವ್ಯಾಕ್ಯೂಮ್ ಓಡಿಸಿ ಮುಚ್ಚಳದ ಸುತ್ತ ಊದುಬತ್ತಿ ಹಿಡಿಯಿರಿ. ಹೊಗೆ ಎಲ್ಲಿ ಒಳಗೆ ಬಾಗುತ್ತದೋ ಅಲ್ಲಿ ಸಿಲಿಕೋನ್ ಹಚ್ಚಿ. ಕೊಳವೆಯ ಬಾಯಿಗೆ ಅಂಗೈ ಒತ್ತಿದಾಗ ಬಕೆಟ್ಟಿನ ಹೊಟ್ಟೆ ಒಳಸರಿದರೆ ಒಳಗೊಂದು ಪ್ಲೈವುಡ್ ಬಳೆ ಕೂರಿಸಿ. ಕೊಳವೆಯ ಉದ್ದ, ತಿರುವುಗಳು ಕಡಿಮೆ ಇರಲಿ. ಚಳಿಗಾಲದ ಒಣಹವೆಯಲ್ಲಿ ಅದನ್ನು ಮುಟ್ಟಿದರೆ ಸ್ಥಿರವಿದ್ಯುತ್ತಿನಿಂದ ಚುರುಕ್ಕೆನ್ನುತ್ತದೆ. ಆಂಟಿಸ್ಟ್ಯಾಟಿಕ್ ಕೊಳವೆ ದುಬಾರಿಯಾದರೂ ಅದಕ್ಕೇ ನನ್ನ ಮತ.

ಟೇಬಲ್ ಸಾ ಮಾತ್ರ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ. ಬ್ಲೇಡು ಹುಡಿಯನ್ನು ಮೇಲಕ್ಕೂ ಎಸೆಯುತ್ತದೆ. ಕೆಳಗಿನ ಸಂದುಗಳನ್ನು ಮುಚ್ಚಿ, ಮೇಲಿನ ಗಾರ್ಡಿಗೂ ಒಂದು ಕೊಳವೆ ಕೊಡಿ. ಉಳಿದದ್ದಕ್ಕೆ ಕಿಟಕಿಯಲ್ಲಿ 12 ಇಂಚಿನ ಎಕ್ಸಾಸ್ಟ್ ಫ್ಯಾನ್, ಎದುರಿನ ಶಟರ್ ಅರ್ಧ ತೆರೆದು. ಇಲ್ಲಿನ ವಿದ್ಯುತ್ ಸಾಮಾನಿನ ಪೇಟೆ ತಪಕೀರ್ ಗಲ್ಲಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಹಿಮ ಬೀಳುವ ದೇಶದವರು ಕೋಣೆಯ ಬಿಸಿ ಹೋದೀತೆಂದು ಗಾಳಿಯನ್ನು ಶೋಧಿಸಿ ಒಳಗೇ ಬಿಡುತ್ತಾರೆ, ಅವರ ವಿಡಿಯೊ ನೋಡಿ ನಾವೂ ಅದನ್ನೇ ಮಾಡಹೊರಡುತ್ತೇವೆ. ನಮಗೆ ಆ ಚಿಂತೆ ಏಕೆ? ಹೊರಗೆ ದೂಡಿ, ಮೇಲಿನ ಮನೆಯವರು ಬಟ್ಟೆ ಒಣಹಾಕುವ ಕಡೆಗೆ ಮಾತ್ರ ಬೇಡ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಂತ್ರವನ್ನೇ ಮುಟ್ಟಬೇಡಿ, ಇದು ಪುಣೆ, ಊರು ಮಲಗುವ ಹೊತ್ತು.

ಇದೇ ವ್ಯಾಕ್ಯೂಮಿನಲ್ಲಿ ಕಬ್ಬಿಣ ಉಜ್ಜಿದ ಕಿಡಿಯನ್ನು ಎಂದೂ ಎಳೆಯಬೇಡಿ. ಹೊಟ್ಟಿನೊಳಗೆ ಸದ್ದಿಲ್ಲದೆ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳಬಹುದು. ಬಕೆಟ್ ಖಾಲಿ ಮಾಡುವಾಗಲೂ ರೆಸ್ಪಿರೇಟರ್ ಮುಖದ ಮೇಲಿರಲಿ, ಏಕೆಂದರೆ ಹಿಡಿದದ್ದೆಲ್ಲ ಏಳುವುದು ಆಗಲೇ. ಕೈತೋಟದ ಗೊಬ್ಬರಕ್ಕೆ ಹೊಟ್ಟು ಕೇಳುವ ನೆರೆಯವರು ಇದ್ದೇ ಇರುತ್ತಾರೆ. ಗಟ್ಟಿಮರದ್ದನ್ನು ಧಾರಾಳವಾಗಿ ಕೊಡಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಪ್ಲೈವುಡ್‌ನದ್ದರಲ್ಲಿ ರಾಳದ ಅಂಟು ಸೇರಿರುವುದರಿಂದ ಅದನ್ನು ಬೇರೆ ಚೀಲದಲ್ಲಿ ಕಟ್ಟಿ ಕಸಕ್ಕೇ ಹಾಕಿ.