ಬಡ್ಡಿ ಇಳಿದಿದೆ, ಕಂತನ್ನೂ ಇಳಿಸಿಕೊಳ್ಳಲೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮನೆ ಸಾಲ, ಓಡಾಟ, ತಿಂಗಳ ಖರ್ಚು

ಪ್ರಶ್ನೆ: ನನಗೆ 38 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ 62,000 ರೂಪಾಯಿ ಬರುತ್ತದೆ. ಹೆಂಡತಿ ಜಯನಗರದಲ್ಲಿ ಶಾಲಾ ಶಿಕ್ಷಕಿ, ಸಂಬಳ 31,000. 2021ರಲ್ಲಿ ಚಂದಾಪುರದಲ್ಲಿ ಫ್ಲ್ಯಾಟ್ ಕೊಂಡೆವು. 45 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 6.75, ಕಂತು 34,200. ಬಡ್ಡಿ ಶೇ 9.25ಕ್ಕೆ ಏರಿದಾಗ ಬ್ಯಾಂಕಿನವರು ಕಂತನ್ನು 35,800 ಮಾಡಿ ಅವಧಿಯನ್ನು ಎಳೆದರು. ನಾಲ್ಕು ವರ್ಷ ಕಟ್ಟಿದ ಮೇಲೂ 42.7 ಲಕ್ಷ ಬಾಕಿ, ಇನ್ನೂ ಇಪ್ಪತ್ತೇಳೂವರೆ ವರ್ಷ ಇದೆಯಂತೆ. ಈಗ ಬಡ್ಡಿ ಶೇ 8.25 ಆಗಿರುವುದರಿಂದ ಕಂತನ್ನು 32,800ಕ್ಕೆ ಇಳಿಸಿಕೊಳ್ಳಬಹುದು ಎನ್ನುತ್ತಾರೆ.

ಉಳಿದ ಖರ್ಚು ಹೀಗಿದೆ. ಕಾರ್ ಸಾಲ 11,550 (34 ತಿಂಗಳು ಉಳಿದಿದೆ, ಬಾಕಿ 3.4 ಲಕ್ಷ). ದಿನಾ ಕಾರಿನಲ್ಲೇ ಹೋಗುವುದರಿಂದ ಪೆಟ್ರೋಲಿಗೆ 13,200. ದಿನಸಿ, ಹಾಲು, ತರಕಾರಿಗೆ 14,000. ಅಪಾರ್ಟ್‌ಮೆಂಟ್ ನಿರ್ವಹಣೆಗೆ 2,800. ಊರಿನಲ್ಲಿರುವ ಅಮ್ಮನಿಗೆ 5,000. ಚೀಟಿಗೆ 5,000 (ಒಂದು ಲಕ್ಷದ ಚೀಟಿ, 12 ಕಂತು ಕಟ್ಟಿದ್ದೇನೆ, ಇನ್ನೂ ಎತ್ತಿಲ್ಲ). ವಿದ್ಯುತ್, ಗ್ಯಾಸ್, ಮೊಬೈಲ್ ಸೇರಿ 3,500. ಮಗನ ಶಾಲೆಗೆ ವರ್ಷಕ್ಕೆ 72,000. ಹೆಂಡತಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 60,000 ನಿಂತಿದ್ದು, ಪ್ರತಿ ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೇನೆ. ಕಂತು ಇಳಿಸಿಕೊಳ್ಳಲೇ? ಪಿಎಫ್‌ನ 4 ಲಕ್ಷ ತೆಗೆದು ಮನೆ ಸಾಲಕ್ಕೆ ಹಾಕಲೇ? ಫ್ಲ್ಯಾಟನ್ನು 14,000ಕ್ಕೆ ಬಾಡಿಗೆಗೆ ಕೊಟ್ಟು, ದಾಸರಹಳ್ಳಿಯಲ್ಲಿ 18,000ಕ್ಕೆ ಮನೆ ಹಿಡಿಯಲೇ?

— ಹೆಸರು ಬೇಡ, ಚಂದಾಪುರ

ಉತ್ತರ: ಕಂತು ಇಳಿಸಬೇಡಿ, ಪಿಎಫ್ ಮುಟ್ಟಬೇಡಿ, ಮನೆ ಬದಲಿಸುವ ಮಾತು ಸದ್ಯಕ್ಕೆ ಬೇಡ. ಕಾರನ್ನು ಮಾರಿ. ನೀವು ಕೇಳದೆ ಇರುವ ಪ್ರಶ್ನೆಗೂ ಉತ್ತರ ಕೊಟ್ಟಿದ್ದೇನೆ. ಏಕೆಂದರೆ ನಿಮ್ಮ ಲೆಕ್ಕದಲ್ಲಿ ತೊಡಕು ಇರುವುದೇ ಅಲ್ಲಿ.

ಮೊದಲು, ನಾಲ್ಕು ವರ್ಷ ಕಟ್ಟಿದ ಹಣ ಎಲ್ಲಿ ಹೋಯಿತು ಎಂಬುದನ್ನು ನೋಡೋಣ. ನಿಮ್ಮ ಸಾಲದ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಗೆ ತಳುಕು ಹಾಕಿಕೊಂಡಿದೆ. ನೀವು ಸಾಲ ತೆಗೆದಾಗ ರೆಪೊ ಶೇ 4 ಇತ್ತು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಅದು 6.5ಕ್ಕೆ ಏರಿತು. ನಿಮ್ಮ ದರ 9.25 ಆದಾಗ ಬಾಕಿ ಹೆಚ್ಚುಕಡಿಮೆ 43.5 ಲಕ್ಷ ಇದ್ದಿರಬೇಕು. ಅದರ ಒಂದು ತಿಂಗಳ ಬಡ್ಡಿಯೇ 33,500 ರೂಪಾಯಿ. ಅಂದರೆ 35,800ರ ಕಂತಿನಲ್ಲಿ ಅಸಲಿಗೆ ಸಂದದ್ದು ಬರೀ 2,300. ಎರಡು ವರ್ಷ ನೀವು ಮನೆ ಸಾಲ ತೀರಿಸಿದ್ದಕ್ಕಿಂತ ಬಡ್ಡಿ ಹೊತ್ತದ್ದೇ ಹೆಚ್ಚು. ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ, ಆದರೆ ಆಗಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು.

2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ 6.5ರಿಂದ 5.5ಕ್ಕೆ ಬಂತು. ಇದೇ ನಿಮಗೆ ಸಿಕ್ಕಿರುವ ಅವಕಾಶ. ಕಂತನ್ನು 32,800ಕ್ಕೆ ಇಳಿಸಿಕೊಂಡು ಇಪ್ಪತ್ತೇಳೂವರೆ ವರ್ಷ ಕಟ್ಟಿದರೆ ಒಟ್ಟು ಕಟ್ಟುವುದು ಸುಮಾರು 108 ಲಕ್ಷ. ಈಗಿನ 35,800ನ್ನೇ ಮುಂದುವರಿಸಿದರೆ ಸಾಲ 20 ವರ್ಷ 10 ತಿಂಗಳಿಗೆ ತೀರುತ್ತದೆ, ಕಟ್ಟುವುದು ಸುಮಾರು 90 ಲಕ್ಷ. ತಿಂಗಳಿಗೆ ಮೂರು ಸಾವಿರದ ಸಮಾಧಾನಕ್ಕೆ ಹದಿನೆಂಟು ಲಕ್ಷ! ಇಪ್ಪತ್ತು ವರ್ಷದ ಆಚೆಯ ರೂಪಾಯಿಗೆ ಇವತ್ತಿನ ಬೆಲೆ ಇರುವುದಿಲ್ಲ ಎಂದು ವಾದಿಸಬಹುದು, ನಿಜ. ಆದರೆ 65ನೇ ವಯಸ್ಸಿನಲ್ಲಿ ಕಂತು ಕಟ್ಟಲು ಸಂಬಳವೂ ಇರುವುದಿಲ್ಲ.

ಬ್ಯಾಂಕಿಗೆ ಹೋಗಿ ‘ಕಂತು ಇರುವಷ್ಟೇ ಇರಲಿ, ಅವಧಿ ಇಳಿಸಿ’ ಎಂದು ಬರಹದಲ್ಲಿ ಕೊಡಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಷ್ಟು ಅಸಲು, ಎಷ್ಟು ಬಡ್ಡಿ ಸಂದಿದೆ, ಇನ್ನೆಷ್ಟು ಕಂತು ಉಳಿದಿವೆ ಎಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಕೊಡುವುದು ಬ್ಯಾಂಕಿನ ಹೊಣೆ. ಆ ಪಟ್ಟಿಯನ್ನು ಕೇಳಿ ಪಡೆಯಿರಿ.

ಇನ್ನು ಕಾರಿನ ವಿಷಯ. ಚಂದಾಪುರದಿಂದ ಪೀಣ್ಯಕ್ಕೆ ಹೋಗಿ ಬರಲು ದಿನಕ್ಕೆ ಸುಮಾರು 80 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್, ಪೆಟ್ರೋಲ್ 103 ರೂಪಾಯಿ, ತಿಂಗಳಿಗೆ 24 ದಿನ ಎಂದು ಹಿಡಿದರೆ ನೀವು ಬರೆದ 13,200 ಸರಿಯಾಗಿ ಕೂಡುತ್ತದೆ. ಅದಕ್ಕೆ ಸಾಲದ ಕಂತು 11,550 ಸೇರಿಸಿ. ಟೋಲ್, ವಿಮೆ, ಸರ್ವೀಸ್, ಟೈರು ಎಂದು ತಿಂಗಳಿಗೆ 2,500 ಆದರೂ ಬೀಳುತ್ತದೆ. ಇದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಒಟ್ಟು 27,250. ಮನೆಯ ಕಂತಿನ ಮುಕ್ಕಾಲು ಪಾಲು! ಊರಾಚೆ ಮನೆ ಅಗ್ಗ ಎಂದು ಕೊಂಡವರೆಲ್ಲ ಆ ಅಗ್ಗದ ಒಂದು ಭಾಗವನ್ನು ರಸ್ತೆಯ ಮೇಲೆ ಕಟ್ಟುತ್ತಲೇ ಇರುತ್ತಾರೆ. ಮನೆ ಸಾಲಕ್ಕಾದರೂ ಒಂದು ಕೊನೆಯಿದೆ, ಪೆಟ್ರೋಲಿಗೆ ಅದೂ ಇಲ್ಲ.

ಕಾರ್ಡಿಗೆ ಕಟ್ಟುವ ಕನಿಷ್ಠ ಮೊತ್ತ ಬಿಟ್ಟು ನಿಮ್ಮ ಎಲ್ಲ ಖರ್ಚನ್ನೂ ಕೂಡಿಸಿದೆ: 99,350. ಇಬ್ಬರ ಸಂಬಳ ಸೇರಿ 93,000. ತಿಂಗಳಿಗೆ ಕಡಿಮೆ ಬೀಳುವ ಆರು ಸಾವಿರ ಚಿಲ್ಲರೆಯೇ ಕ್ರೆಡಿಟ್ ಕಾರ್ಡಿನಲ್ಲಿ 60,000 ಆಗಿ ಕೂತಿದೆ. ಕಂತನ್ನು ಮೂರು ಸಾವಿರ ಇಳಿಸಿಕೊಂಡರೂ ಈ ತೂತು ಅರ್ಧದಷ್ಟೂ ಮುಚ್ಚುವುದಿಲ್ಲ.

ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟ್‌ನಿಂದ ಬೊಮ್ಮಸಂದ್ರಕ್ಕೆ ಬಂದಿದೆ. ಅಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ನೇರ ಪೀಣ್ಯ. ಟಿಕೆಟ್ ಅಗ್ಗವೇನಲ್ಲ, 2025ರ ಫೆಬ್ರವರಿಯ ಏರಿಕೆಯ ನಂತರ ಗರಿಷ್ಠ ದರ 90 ರೂಪಾಯಿ, ನಿಮ್ಮ ದೂರಕ್ಕೆ ಅದೇ ಅನ್ವಯ. ಸ್ಮಾರ್ಟ್ ಕಾರ್ಡಿನ ಶೇ 5 ರಿಯಾಯಿತಿ ಕಳೆದು ದಿನಕ್ಕೆ 171, ತಿಂಗಳಿಗೆ 4,104. ಚಂದಾಪುರದಿಂದ ಬೊಮ್ಮಸಂದ್ರ ನಿಲ್ದಾಣದವರೆಗಿನ ಖರ್ಚಿಗೆ 1,200 ಸೇರಿಸಿ, 5,300 ಎನ್ನೋಣ. ಹಳದಿ ಮಾರ್ಗದಲ್ಲಿ ಶುರುವಿಗೆ ಎರಡು ರೈಲುಗಳ ನಡುವೆ 25 ನಿಮಿಷ ಕಾಯಬೇಕಿತ್ತು. ಹೊಸ ರೈಲುಗಳು ಸೇರಿದ ಹಾಗೆಲ್ಲ ಈ ಅಂತರ ತಗ್ಗುತ್ತದೆ. ಆದರೂ ನಿಮ್ಮ ಪಾಳಿಯ ಹೊತ್ತಿಗೆ ಹೊಂದುತ್ತದೆಯೇ ಎಂದು ಒಂದು ವಾರ ಕಾರನ್ನು ಮನೆಯಲ್ಲೇ ಬಿಟ್ಟು ಹೋಗಿ ನೋಡಿ. ಬೈಕಿನಲ್ಲೇ ಹೋದರೆ ಆಗದೇ ಎನ್ನಬಹುದು. ಐವತ್ತು ಕಿಲೋಮೀಟರ್ ಮೈಲೇಜ್ ಕೊಟ್ಟರೂ ದಿನಕ್ಕೆ 165 ರೂಪಾಯಿಯ ಪೆಟ್ರೋಲ್ ಬೇಕು. ಮೆಟ್ರೊ ಟಿಕೆಟ್ಟಿಗೆ ಹೋಲಿಸಿದರೆ ಉಳಿಯುವುದು ಆರು ರೂಪಾಯಿ, ನಿಲ್ದಾಣದವರೆಗಿನ ಖರ್ಚನ್ನೂ ಹಿಡಿದರೆ ಐವತ್ತಾರು. ಅಷ್ಟಕ್ಕಾಗಿ ದಿನಾ ಎಂಬತ್ತು ಕಿಲೋಮೀಟರ್ ಬೈಕ್ ಓಡಿಸಿ ಎಂದು ನಾನಂತೂ ಹೇಳಲಾರೆ.

ಕಾರಿಗೆ ಮೂರೂವರೆ ಲಕ್ಷದ ಮೇಲೆ ಬೆಲೆ ಬಂದರೆ ಕೊಟ್ಟುಬಿಡಿ. ಅವಧಿಗೆ ಮುಂಚೆ ಸಾಲ ಮುಗಿಸುವುದಕ್ಕೆ ಶುಲ್ಕ ಎಷ್ಟು ಎಂದು ಮೊದಲೇ ಕೇಳಿ. ಕಾರ್ ಸಾಲದಲ್ಲಿ ಸಾಮಾನ್ಯವಾಗಿ ಇರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಗಾಡಿಯ ಮೇಲಿನ ಸಾಲ ಮುಗಿದಿದೆ ಎಂದು ತಿಳಿಸುವ ಫಾರಂ 35 ಪಡೆದು, ಆರ್‌ಟಿಒದಲ್ಲಿ ಬ್ಯಾಂಕಿನ ಹೆಸರು ತೆಗೆಸದೆ ಕೊಳ್ಳುವವರಿಗೆ ಗಾಡಿ ವರ್ಗ ಆಗುವುದಿಲ್ಲ. ಕಾರು ಮಾರಿದರೆ ನೆಂಟರು ಏನೆಂದುಕೊಂಡಾರು ಎಂಬ ಮುಜುಗರ ನಮ್ಮಲ್ಲಿ ಬಹಳ. ಕಾರ್ಡಿನಲ್ಲಿ ಅರವತ್ತು ಸಾವಿರ ನಿಂತಿರುವುದು ಅದೇ ನೆಂಟರಿಗೆ ಕಾಣುವುದಿಲ್ಲ, ಅಷ್ಟೇ.

ಕಾರಿಗಿಂತ ಮೊದಲು ಈ ತಿಂಗಳೇ ಮಾಡಬೇಕಾದ ಕೆಲಸ ಕಾರ್ಡಿನದು. ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ತಿಂಗಳಿಗೆ ಶೇ 3.5ರ ಹತ್ತಿರ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ. 60,000ಕ್ಕೆ ತಿಂಗಳಿಗೆ ಸುಮಾರು 2,480 ಹೋಗುತ್ತದೆ. ನಿಮ್ಮ ಚೀಟಿಯಲ್ಲಿ ಎಂಟು ತಿಂಗಳು ಉಳಿದಿದೆ. ಮುಂದಿನ ಬಾರಿ ಕೂಗಿ, ಹತ್ತು ಸಾವಿರ ಬಿಟ್ಟುಕೊಟ್ಟಾದರೂ ಎತ್ತಿ. ಎಂಟು ತಿಂಗಳು ಕಾಯ್ದರೆ ಕಾರ್ಡಿಗೆ ಹೋಗುವ ಬಡ್ಡಿ ಅದರ ಎರಡರಷ್ಟಾಗುತ್ತದೆ. ಬಂದ 90,000ದಲ್ಲಿ ಕಾರ್ಡಿನ ಬಾಕಿ ಪೂರ್ತಿ ತೀರಿಸಿ, ಉಳಿದದ್ದನ್ನು ಮಗನ ಶಾಲೆಯ ಮುಂದಿನ ಕಂತಿಗೆ ಎತ್ತಿಡಿ. ಎತ್ತಿದ ಮೇಲೂ ಚೀಟಿಯ ಕಂತು ಕಟ್ಟುವುದು ತಪ್ಪುವುದಿಲ್ಲ ಎಂಬುದು ನೆನಪಿರಲಿ.

ಪಿಎಫ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024–25ಕ್ಕೆ ಅದರ ಬಡ್ಡಿ ಶೇ 8.25, ನಿಮ್ಮ ಮನೆ ಸಾಲದ ಬಡ್ಡಿಯೂ ಅಷ್ಟೇ. ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿದ ಹಾಗಾಗುತ್ತದೆ, ಮುಪ್ಪಿನ ಹಣ ಮಾತ್ರ ಕರಗಿರುತ್ತದೆ. ‘ಮನೆ ಸಾಲ ಇದ್ದರೆ ತೆರಿಗೆ ಉಳಿಯುತ್ತದೆ, ಬೇಗ ತೀರಿಸಬೇಡ’ ಎನ್ನುವವರ ಮಾತಿಗೂ ಕಿವಿಗೊಡಬೇಡಿ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ನಿಮ್ಮಿಬ್ಬರಿಗೂ ಉಳಿಸಲು ತೆರಿಗೆ ಇದ್ದರೆ ತಾನೇ?

ದಾಸರಹಳ್ಳಿಗೆ ಹೋದರೆ ಬಾಡಿಗೆಯ ವ್ಯತ್ಯಾಸವೇ 4,000. ನಿಮ್ಮ ಓಡಾಟದ ಖರ್ಚು ಬಹುತೇಕ ಇಲ್ಲವಾಗುತ್ತದೆ, ಸರಿ. ಆದರೆ ಜಯನಗರಕ್ಕೆ ನಿಮ್ಮ ಹೆಂಡತಿ ಮೆಟ್ರೊ ಹಿಡಿದರೆ ತಿಂಗಳಿಗೆ ಮೂರು ಸಾವಿರದ ಆಸುಪಾಸು. ಶಕ್ತಿ ಯೋಜನೆ ಮೆಟ್ರೊಗೆ ಇಲ್ಲ. ಜೊತೆಗೆ ಮನೆ ಅಡ್ವಾನ್ಸ್, ಮಗನಿಗೆ ಹೊಸ ಶಾಲೆ. ಹಣ ಉಳಿಯುವುದಿಲ್ಲ, ಉಳಿದರೆ ಸಮಯ ಉಳಿದೀತು. ಅದಕ್ಕೂ ಬೆಲೆಯಿದೆ ಎನಿಸಿದರೆ ಶಾಲಾ ವರ್ಷ ಮುಗಿದ ಮೇಲೆ ಇಬ್ಬರೂ ಕೂತು ಯೋಚಿಸಿ.

ಕಾರು ಹೋಗಿ ಮೆಟ್ರೊ ಬಂದರೆ ತಿಂಗಳ ಕೊನೆಗೆ 15,600 ಉಳಿಯುತ್ತದೆ. ಭಾನುವಾರದ ಕ್ಯಾಬ್, ಊರಿನ ಬಸ್ಸು ಎಂದು 3,000 ತೆಗೆದಿಡಿ. 5,000ಕ್ಕೆ ಆರ್‌ಡಿ ಮಾಡಿ. ಒಂದೂವರೆ ಲಕ್ಷ ಆಗುವ ತನಕ ಅದನ್ನು ಆಪತ್ತಿಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯಬೇಡಿ. ಇನ್ನೊಂದು 5,000ನ್ನು ಕಂತಿನ ಜೊತೆ ಅಸಲಿಗೆ ಕಟ್ಟಿ. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ ನಿಮ್ಮಂಥ ಮನೆ ಸಾಲಕ್ಕೆ ವ್ಯಕ್ತಿಗಳಿಂದ ಮುಂಗಡ ಪಾವತಿಯ ಶುಲ್ಕ ವಸೂಲು ಮಾಡುವಂತಿಲ್ಲ. ದರ ಹೀಗೇ ಇದ್ದರೆ ಸಾಲ ಹದಿನೈದೂವರೆ ವರ್ಷಕ್ಕೆ ಮುಗಿಯುತ್ತದೆ, ಆಗ ನಿಮಗೆ 54 ವರ್ಷವೂ ತುಂಬಿರುವುದಿಲ್ಲ.

ಪ್ರಶ್ನೆ: ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ತುಮಕೂರಿನಲ್ಲೇ 50 ಲಕ್ಷದ ಮನೆ ನೋಡಿದ್ದೇವೆ. ಕೈಯಲ್ಲಿ 10 ಲಕ್ಷ ಇದೆ, 40 ಲಕ್ಷ ಸಾಲ ಸಿಗುತ್ತದೆ. ಮುಂದುವರಿಯಬಹುದೇ ಸರ್?

— ಓದುಗರು, ತುಮಕೂರು

ಉತ್ತರ: ಹತ್ತು ಲಕ್ಷ ಸಾಲದು ತಾಯಿ. 50 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿತು. ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 3.8 ಲಕ್ಷ. 30ರಿಂದ 75 ಲಕ್ಷದ ಸಾಲವಾದರೆ ಮನೆಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ನೋಂದಣಿ ಖರ್ಚನ್ನು ಆ ಬೆಲೆಗೆ ಸೇರಿಸುವಂತೆಯೂ ಇಲ್ಲ. ನಿಮ್ಮ ಕೈಯಲ್ಲಿ ಕನಿಷ್ಠ 13.8 ಲಕ್ಷ ಇರಬೇಕು. ಬಣ್ಣ, ವೈರಿಂಗ್, ಅಡುಗೆಮನೆಯ ಕಪಾಟು ಬೇರೆ.

ಕಡಿಮೆ ಬಿದ್ದದ್ದಕ್ಕೆ ಪರ್ಸನಲ್ ಲೋನ್ ತೆಗೆಯಿರಿ ಎಂದು ಬಿಲ್ಡರ್ ಕಡೆಯವರೇ ಹೇಳುತ್ತಾರೆ. ಬೇಡ. ಬೆಲೆಯಲ್ಲಿ ಚೌಕಾಸಿ ಮಾಡಿ, ಇಲ್ಲವೇ ಒಂದು ವರ್ಷ ತಡೆಯಿರಿ. ಓಡಾಟದ ಮಟ್ಟಿಗೆ ನಿಮ್ಮ ಆಯ್ಕೆ ಒಳ್ಳೆಯದು. ರೈಲಿನ ಮಾಸಿಕ ಪಾಸ್ ಬೆಂಗಳೂರಿನೊಳಗಿನ ಮೆಟ್ರೊ ಖರ್ಚಿಗಿಂತ ಎಷ್ಟೋ ಕಡಿಮೆ, ರೈಲು ತಪ್ಪಿದ ದಿನ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಖರ್ಚಿಲ್ಲ. ಕಂತು ಮತ್ತು ಓಡಾಟ ಎರಡೂ ಸೇರಿ ಕೈಗೆ ಬರುವ ಸಂಬಳದ ಶೇ 45 ದಾಟದಿದ್ದರೆ ಧೈರ್ಯವಾಗಿ ಕೊಳ್ಳಿ. ಬ್ಯಾಂಕಿನವರು ಕಂತನ್ನು ಮಾತ್ರ ನೋಡುತ್ತಾರೆ, ಸಂಜೆ ರೈಲಿಗೆ ಓಡುವವರು ಎರಡನ್ನೂ ನೋಡಬೇಕು.

ಪ್ರಶ್ನೆ: 2017ರಲ್ಲಿ ಬ್ಯಾಂಕಿನಿಂದ ಪಡೆದ ಮನೆ ಸಾಲದಲ್ಲಿ 9 ಲಕ್ಷ ಉಳಿದಿದೆ, ಇನ್ನು 6 ವರ್ಷ. ನನಗೆ ಬಡ್ಡಿ ಶೇ 9.4, ಪಕ್ಕದ ಮನೆಯವರಿಗೆ 8.2. ಬೇರೆ ಬ್ಯಾಂಕಿಗೆ ಹೋಗಲೇ?

— ಓದುಗರು, ಮೈಸೂರು

ಉತ್ತರ: ನಿಮ್ಮದು ಹಳೆಯ ಎಂಸಿಎಲ್‌ಆರ್ (ಬ್ಯಾಂಕು ತನ್ನ ಖರ್ಚಿನ ಮೇಲೆ ತಾನೇ ಕಟ್ಟುವ ದರ) ಲೆಕ್ಕದ ಸಾಲ ಇರಬೇಕು. ರೆಪೊ ಮುಂತಾದ ಹೊರಗಿನ ದರಕ್ಕೆ ಬ್ಯಾಂಕುಗಳು ಸಾಲವನ್ನು ಜೋಡಿಸಬೇಕಾದದ್ದು 2019ರ ಅಕ್ಟೋಬರ್ 1ರಿಂದ. ಹಳೆಯ ಸಾಲಗಾರರು ಕೇಳದ ಹೊರತು ಅದು ಬದಲಾಗುವುದಿಲ್ಲ. ದರ 8.2 ಆದರೆ ಆರು ವರ್ಷಕ್ಕೆ ನಿಮಗೆ ಉಳಿಯುವುದು 38,000ದಷ್ಟು. ಬೇರೆ ಬ್ಯಾಂಕಿಗೆ ಹೋದರೆ ಪ್ರೊಸೆಸಿಂಗ್ ಶುಲ್ಕ, ವಕೀಲರ ವರದಿ, ಪತ್ರ ಅಡವಿನ ಖರ್ಚು ಎಂದು ಅದರಲ್ಲಿ ದೊಡ್ಡ ಪಾಲು ಕರಗುತ್ತದೆ. ನಿಮ್ಮ ಶಾಖೆಯಲ್ಲೇ ‘ರೆಪೊ ದರಕ್ಕೆ ಬದಲಾಯಿಸಿ’ ಎಂದು ಅರ್ಜಿ ಕೊಡಿ, ಶುಲ್ಕ ಎಷ್ಟೆಂದು ಮೊದಲೇ ಕೇಳಿ, ಅರ್ಜಿಯ ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಬದಲಾದ ಮೇಲೂ ಕಂತು ಈಗಿನಷ್ಟೇ ಇರಲಿ.